ಬುತ್ತಿ ಕಟ್ಟುವಾಗ ಬಿಟ್ಟುಹೋದದ್ದು

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಹಿಂದೆ ಗೋಪುರಗ್ರಾಮ ಎನಿಸಿಕೊಂಡಿದ್ದ ಊರು. ಮಲೆ ಶಂಕರ, ಬಂಗಾರ ಬಸಪ್ಪ, ಈಶ್ವರ, ವೆಂಕಟೇಶ್ವರ, ಹನುಮಂತ ಎಂದು ಹಳೆಯ ಗುಡಿಗಳು ಒಂದರ ಹಿಂದೆ ಒಂದು, ಶಾಸನಗಳೂ ಬೇಕಾದಷ್ಟು. ಸುತ್ತಲಿನ ಹೊಲಗಳಲ್ಲಿ ಹತ್ತಿ, ತೊಗರಿ, ಕಾಲುವೆ ನೀರು ಹರಿಯುವಲ್ಲಿ ಭತ್ತ. ಇಂಥ ಊರಿನ ಒಂದು ಹತ್ತಿ ತೂಕದ ಅಂಗಡಿಗಾಗಿ, ರಾಯಚೂರಿನಲ್ಲಿ ಓದುವ ಹುಡುಗಿಯೊಬ್ಬಳು ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದಳು ಎಂದಿಟ್ಟುಕೊಳ್ಳೋಣ. ತಕ್ಕಡಿಯಿಂದ ತೂಕ ಓದುತ್ತದೆ, ಹಳ್ಳಿಗಳ ಹೆಸರಿನ ಪಟ್ಟಿಯಿಂದ ರೈತರ ಊರು ಆರಿಸುತ್ತದೆ, ಕನ್ನಡದಲ್ಲಿ ಚೀಟಿ ಮುದ್ರಿಸುತ್ತದೆ, ದಿನದ ಲೆಕ್ಕವನ್ನು ಒಂದು ಡೇಟಾಬೇಸಿನಲ್ಲಿ ಇಡುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಒಂದೂ ತಪ್ಪಿಲ್ಲದೆ ಓಡಿತು. ಅಂಗಡಿಯವರ ಕಂಪ್ಯೂಟರಿನಲ್ಲಿ ಪೈಥಾನ್ ಇಲ್ಲವಲ್ಲ, ಅದಕ್ಕೆ ಸ್ಕ್ರಿಪ್ಟನ್ನು ಇಎಕ್ಸ್‌ಇ ಫೈಲಾಗಿ ಕಟ್ಟಿ ಪೆನ್‌ಡ್ರೈವಿನಲ್ಲಿ ಕಳಿಸಿದಳು. ಸಂಜೆ ಫೋನ್ ಬಂತು: "ಕ್ಲಿಕ್ ಮಾಡಿದ್ರ ಒಂದು ಕರೀ ಪರದೆ ಬಂದ್ ಹೋಗ್ತದ, ಏನೂ ಆಗವಲ್ದು."

ಹುಡುಗಿಯೂ ಅಂಗಡಿಯೂ ವಿವರಣೆಗಾಗಿ ಕಟ್ಟಿಕೊಂಡವು. ಮುಂದೆ ಬರುವ ದೋಷಗಳಲ್ಲಿ ಒಂದನ್ನೂ ಕಟ್ಟಿಕೊಂಡಿಲ್ಲ. ಸ್ಕ್ರಿಪ್ಟ್ ಬರೆದು ಇನ್ನೊಬ್ಬರಿಗೆ ಕೊಟ್ಟವರೆಲ್ಲ ಇವುಗಳಲ್ಲಿ ನಾಲ್ಕಾರನ್ನಾದರೂ ಕಂಡಿರುತ್ತಾರೆ. ಕನ್ನಡದಲ್ಲಿ ಕೆಲಸ ಮಾಡುವ ಸ್ಕ್ರಿಪ್ಟಿಗಂತೂ ಇವುಗಳ ಜೊತೆ ಇನ್ನೂ ಕೆಲವು ಕಾದಿರುತ್ತವೆ. ಲೋಕದ ಮಾರ್ಗದರ್ಶಿಗಳಲ್ಲಿ ಅವುಗಳ ಪ್ರಸ್ತಾಪ ಅಪರೂಪ.

ಸ್ಕ್ರಿಪ್ಟನ್ನು ಇಎಕ್ಸ್‌ಇ ಮಾಡುವುದೆಂದರೆ ಅದನ್ನು ಯಂತ್ರಭಾಷೆಗೆ ಅನುವಾದಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಸಾಧನಗಳು ಹಾಗೆ ಮಾಡುವುದಿಲ್ಲ. ಅವು ಬುತ್ತಿ ಕಟ್ಟುತ್ತವೆ. ಪೈಥಾನ್ ಇಂಟರ್‌ಪ್ರಿಟರ್, ಸ್ಕ್ರಿಪ್ಟು, ಅದು ಕರೆಯುವ ಲೈಬ್ರರಿಗಳು, ಆ ಲೈಬ್ರರಿಗಳಿಗೆ ಬೇಕಾದ ಡಿಎಲ್‌ಎಲ್‌ಗಳು ಎಲ್ಲವನ್ನೂ ಒಂದು ಗಂಟಿನಲ್ಲಿ ಹಾಕಿ, ಬಿಚ್ಚಿ ಓಡಿಸುವ ಪುಟ್ಟ ಪ್ರೋಗ್ರಾಮೊಂದನ್ನು ಮುಂದೆ ಕೂರಿಸುತ್ತವೆ. ಈ ಕೆಲಸಕ್ಕೆ 'ಫ್ರೀಜ್ ಮಾಡುವುದು' ಎನ್ನುವ ಹೆಸರು ಹಳೆಯದು. ಪೈಥಾನಿನ ಜೊತೆಗೇ ಆ ಹೆಸರಿನ ಉಪಕರಣವೊಂದು ಬರುತ್ತಿತ್ತು. ಆಮೇಲೆ ಥಾಮಸ್ ಹೆಲ್ಲರ್ ಅವರ ಪೈ2ಇಎಕ್ಸ್‌ಇ, ಆಂಥನಿ ಟ್ಯುನಿಂಗಾ ಅವರ ಸಿಎಕ್ಸ್-ಫ್ರೀಜ್ ಬಂದವು. ಗಾರ್ಡನ್ ಮ್ಯಾಕ್‌ಮಿಲನ್ ಬರೆದಿದ್ದ ಇನ್‌ಸ್ಟಾಲರನ್ನು ಆಧಾರವಾಗಿಟ್ಟುಕೊಂಡು 2005ರಲ್ಲಿ ಶುರುವಾದ ಪೈಇನ್‌ಸ್ಟಾಲರ್ ಇವತ್ತು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಕೇ ಹೇಯನ್ ಅವರ ನ್ಯುಯಿಟ್ಕಾ ಮಾತ್ರ ಬೇರೆ ಜಾತಿಯದು: ಅದು ಪೈಥಾನನ್ನು ಸಿ ಭಾಷೆಗೆ ತಿರುಗಿಸಿ ನಿಜವಾಗಿಯೇ ಕಂಪೈಲ್ ಮಾಡುತ್ತದೆ.

ಬುತ್ತಿ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮನೆಯಲ್ಲಿ ಊಟಕ್ಕೆ ಕೂತಾಗ ಉಪ್ಪು ಬೇಕೆಂದರೆ ಕೈಚಾಚಿದರೆ ಸಿಗುತ್ತದೆ. ಅದು ಬೇಕಾಗಿತ್ತು ಎಂಬುದೇ ನೆನಪಿನಲ್ಲಿ ಉಳಿಯುವುದಿಲ್ಲ. ಹೊಲಕ್ಕೆ ಹೋಗಿ ಗಂಟು ಬಿಚ್ಚಿದಾಗಲೇ ಉಪ್ಪು ಬಿಟ್ಟುಬಂದದ್ದು ಗೊತ್ತಾಗುವುದು. ಬರೆದವರ ಲ್ಯಾಪ್‌ಟಾಪ್ ಅವರ ಸ್ಕ್ರಿಪ್ಟಿಗೆ ಹೇಳದೆ ಕೇಳದೆ ನೂರು ಉಪಕಾರ ಮಾಡುತ್ತಿರುತ್ತದೆ. ಕಟ್ಟಿದ ಮೇಲೆ ಕೆಟ್ಟ ಸ್ಕ್ರಿಪ್ಟನ್ನು ಸರಿಪಡಿಸುವುದೆಂದರೆ ಆ ಉಪಕಾರಗಳಲ್ಲಿ ಯಾವುದು ತಪ್ಪಿಹೋಯಿತು ಎಂದು ಹುಡುಕುವುದು.

ಹುಡುಕುವ ಮೊದಲು ತಪ್ಪು ಕಣ್ಣಿಗೆ ಬೀಳಬೇಕು. ಕರೀ ಪರದೆ ಮಿಂಚಿ ಮಾಯವಾಗುವ ಅರೆಕ್ಷಣದಲ್ಲಿ ಆ ಪರದೆಯ ಮೇಲೆ ಇಡೀ ಕಾರಣ ಬರೆದಿರುತ್ತದೆ. ಓದಲು ಪುರುಸೊತ್ತು ಕೊಡದೆ ವಿಂಡೋಸ್ ಅದನ್ನು ಮುಚ್ಚುತ್ತದೆ, ಅಷ್ಟೇ. ಹಾಗಾಗಿ ಡಬಲ್ ಕ್ಲಿಕ್ ಬಿಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಬರೆದು ಕಮಾಂಡ್ ಪ್ರಾಂಪ್ಟ್ ತೆರೆದು, ಇಎಕ್ಸ್‌ಇ ಫೈಲನ್ನು ಅದರೊಳಗೆ ಎಳೆದು ಬಿಟ್ಟು, ಎಂಟರ್ ಒತ್ತಬೇಕು. ಪ್ರೋಗ್ರಾಮ್ ಸತ್ತರೂ ಪರದೆ ಉಳಿಯುತ್ತದೆ, ಕೊನೆಯ ಸಾಲು ಓದಬಹುದು. ಇದನ್ನು ಫೋನಿನಲ್ಲಿಯೇ ಹೇಳಿ ಮಾಡಿಸಬಹುದು. ಅಂಗಡಿಯವರು ಆ ಪರದೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಅರ್ಧ ದಿನದ ಊಹೆ ಉಳಿಯುತ್ತದೆ. ಆ ಫೋಟೊ ಕೈಗೆ ಬರುವ ಮೊದಲು ಕೋಡ್ ತಿದ್ದಲು ಕೂರುವುದು ನಾಡಿ ಹಿಡಿಯದೆ ಔಷಧಿ ಕೊಟ್ಟಂತೆ.

ಇಲ್ಲೇ ಒಂದು ಸಾಮಾನ್ಯ ಎಡವಟ್ಟು. ಕರೀ ಪರದೆ ಚೆಂದ ಕಾಣುವುದಿಲ್ಲ ಎಂದು ಬಹಳ ಜನ 'ನೋಕನ್ಸೋಲ್' ಆಯ್ಕೆ ಹಾಕಿ ಕಟ್ಟುತ್ತಾರೆ. ಆಗ ಪೈಥಾನಿಗೆ ಬರೆಯಲು ಪರದೆಯೇ ಇರುವುದಿಲ್ಲ; ಸ್ಟ್ಯಾಂಡರ್ಡ್ ಔಟ್‌ಪುಟ್ ಎನ್ನುವ ಜಾಗದಲ್ಲಿ 'ನನ್' ಎಂಬ ಶೂನ್ಯ ಕೂತಿರುತ್ತದೆ. ಸಾದಾ ಪ್ರಿಂಟ್ ಸುಮ್ಮನಾಗುತ್ತದೆ. ಆದರೆ ಪ್ರಗತಿಪಟ್ಟಿ ತೋರಿಸುವ ಲೈಬ್ರರಿಯೊಂದು ನೇರವಾಗಿ ಆ ಜಾಗಕ್ಕೆ ಬರೆಯಲು ಹೋದರೆ ಇಡೀ ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ. ಪರದೆ ಇದ್ದಾಗ ಓಡಿದ್ದು ಪರದೆ ತೆಗೆದ ಕೂಡಲೇ ಕೆಟ್ಟಿತೆಂದರೆ ಮೊದಲು ಇದನ್ನು ಶಂಕಿಸಬೇಕು. ಎಲ್ಲ ಸರಿಹೋಗುವವರೆಗೆ ಕರೀ ಪರದೆ ಇರಲಿ. ಅಂಗಡಿಯವರಿಗೆ ಅದರಿಂದ ಏನೂ ತೊಂದರೆಯಿಲ್ಲ.

ಫೋಟೊದಲ್ಲಿ 'ಮಾಡ್ಯೂಲ್ ನಾಟ್ ಫೌಂಡ್' ಎಂದಿದ್ದರೆ ಅದು ಎಲ್ಲಕ್ಕಿಂತ ಸಣ್ಣ ಕಾಯಿಲೆ. ಪೈಇನ್‌ಸ್ಟಾಲರ್ ಸ್ಕ್ರಿಪ್ಟನ್ನು ಓಡಿಸಿ ನೋಡಿ ಕಟ್ಟುವುದಿಲ್ಲ, ಓದಿ ಕಟ್ಟುತ್ತದೆ. 'ಇಂಪೋರ್ಟ್' ಎಂದು ಬರೆದದ್ದೆಲ್ಲ ಅದರ ಕಣ್ಣಿಗೆ ಬೀಳುತ್ತದೆ. ಓಡುವಾಗ ಹೆಸರಿನಿಂದ ಕರೆಯುವ ಮಾಡ್ಯೂಲ್ ಬೀಳುವುದಿಲ್ಲ. ಪಾಂಡಾಸ್ ಲೈಬ್ರರಿ ಎಕ್ಸೆಲ್ ಫೈಲು ತೆರೆಯುವ ಕ್ಷಣದಲ್ಲಷ್ಟೇ ಓಪನ್‌ಪೈಎಕ್ಸೆಲ್ ಅನ್ನು ಹುಡುಕುತ್ತದೆ. ದಿನಾಂಕ ಆರಿಸಲು ಟಿಕೆ-ಕ್ಯಾಲೆಂಡರ್ ಹಾಕಿಕೊಂಡವರಿಗೆ 'ಬೇಬೆಲ್ ಡಾಟ್ ನಂಬರ್ಸ್ ಇಲ್ಲ' ಎಂಬ ದೂರು ಎಷ್ಟು ಪರಿಚಿತ ಎಂದರೆ ಅದು ಈ ಲೋಕದ ಗಾದೆಯಂತಾಗಿದೆ. ಕಟ್ಟುವಾಗ 'ಹಿಡನ್ ಇಂಪೋರ್ಟ್' ಎಂದು ಹೆಸರು ಕೊಟ್ಟರೆ ಸಾಕು. ಬಿಲ್ಡ್ ಫೋಲ್ಡರಿನಲ್ಲಿ 'ವಾರ್ನ್' ಎಂದು ಶುರುವಾಗುವ ಪಠ್ಯಕಡತವೊಂದನ್ನು ಪೈಇನ್‌ಸ್ಟಾಲರ್ ಪ್ರತಿ ಸಲವೂ ಬರೆದಿಡುತ್ತದೆ. ಸಿಗದೆ ಹೋದ ಮಾಡ್ಯೂಲುಗಳ ಪಟ್ಟಿ ಅದರಲ್ಲಿದೆ. ಅದನ್ನು ತೆರೆದು ನೋಡುವವರು ಕಡಿಮೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದು, ಲೈಬ್ರರಿ ಒಂದರಲ್ಲಿ, ಪೈಇನ್‌ಸ್ಟಾಲರ್ ಇನ್ನೊಂದರಲ್ಲಿ ಇದ್ದರೂ ಇದೇ ದೂರು ಬರುತ್ತದೆ.

'ಎಕ್ಸಿಟ್' ಎಂಬ ಸಾದಾ ಪದವೂ ಕೆಲವೊಮ್ಮೆ ಕೈಕೊಡುತ್ತದೆ, ಏಕೆಂದರೆ ಅದು ಭಾಷೆಯ ಭಾಗವಲ್ಲ, ಸೈಟ್ ಎಂಬ ಮಾಡ್ಯೂಲ್ ಸೇರಿಸುವ ಸೌಕರ್ಯ. 'ಸಿಸ್ ಡಾಟ್ ಎಕ್ಸಿಟ್' ಎಂದು ಬರೆದರೆ ಮುಗಿಯಿತು. ಮಲ್ಟಿಪ್ರೊಸೆಸಿಂಗ್ ಬಳಸಿ 'ಫ್ರೀಜ್ ಸಪೋರ್ಟ್' ಎಂಬ ಒಂದು ಸಾಲು ಮರೆತವರ ಇಎಕ್ಸ್‌ಇ ತನ್ನನ್ನು ತಾನೇ ಮತ್ತೆ ಮತ್ತೆ ತೆರೆಯುತ್ತ ಕಂಪ್ಯೂಟರನ್ನೇ ಕಟ್ಟಿಹಾಕುತ್ತದೆ. ನೋಡಲು ವೈರಸ್ಸಿನಂತೆ, ಮದ್ದು ಒಂದೇ ಸಾಲು.

ಇನ್ನು ಹಾದಿಯ ಮಾತು. ಇಲ್ಲಿ ನಿಂತು ನೋಡಬೇಕು. ಪ್ರೋಗ್ರಾಮ್ ಬೀಳದೆ ಓಡುತ್ತ, ಲೆಕ್ಕ ಮಾತ್ರ ಕಳೆದುಕೊಳ್ಳುವ ದೋಷ ಇರುವುದು ಇಲ್ಲಿಯೇ.

ಪೈಇನ್‌ಸ್ಟಾಲರಿನಲ್ಲಿ ಎರಡು ಬಗೆ. 'ಒನ್‌ಡಿರ್' ಎಂದರೆ ಒಂದು ಫೋಲ್ಡರು: ಇಎಕ್ಸ್‌ಇ ಮತ್ತು ಅದರ ಸಾಮಾನುಗಳು ಪಕ್ಕಪಕ್ಕದಲ್ಲಿ. 2023ರಲ್ಲಿ ಬಂದ 6ನೇ ಆವೃತ್ತಿಯಿಂದ ಆ ಸಾಮಾನುಗಳು 'ಇಂಟರ್ನಲ್' ಎಂಬ ಒಳಫೋಲ್ಡರಿಗೆ ಹೋಗಿವೆ. ಹಳೆಯ ಪಾಠ ನೋಡಿ ಕಟ್ಟುವವರಿಗೆ ಫೈಲು ಸಿಗದಿರಲು ಇದೂ ಒಂದು ಕಾರಣ. 'ಒನ್‌ಫೈಲ್' ಎಂದರೆ ಎಲ್ಲವೂ ಒಂದೇ ಇಎಕ್ಸ್‌ಇ ಒಳಗೆ. ಪೆನ್‌ಡ್ರೈವಿನಲ್ಲಿ ಒಯ್ಯಲು ಸುಲಭವೆಂದು ಎಲ್ಲರೂ ಇದನ್ನೇ ಆರಿಸುತ್ತಾರೆ. ಆದರೆ ಆ ಒಂದು ಫೈಲು ಒಂದಾಗಿಯೇ ಓಡುವುದಿಲ್ಲ. ಕ್ಲಿಕ್ ಮಾಡಿದ ಪ್ರತಿ ಸಲವೂ ವಿಂಡೋಸಿನ ತಾತ್ಕಾಲಿಕ ಜಾಗದಲ್ಲಿ, ಟೆಂಪ್ ಫೋಲ್ಡರಿನೊಳಗೆ, 'ಎಂಇಐ' ಎಂದು ಶುರುವಾಗುವ ಹೊಸ ಫೋಲ್ಡರೊಂದನ್ನು ಮಾಡಿ ಅದರಲ್ಲಿ ಗಂಟು ಬಿಚ್ಚುತ್ತದೆ. ಕೆಲಸ ಮುಗಿದ ಕೂಡಲೇ ಆ ಫೋಲ್ಡರನ್ನು ಅಳಿಸುತ್ತದೆ.

ಈಗ ಹತ್ತಿ ಅಂಗಡಿಯ ಸ್ಕ್ರಿಪ್ಟನ್ನು ನೆನೆಸಿಕೊಳ್ಳಿ. 'ನಾನು ಇರುವ ಜಾಗದಲ್ಲೇ ಲೆಕ್ಕದ ಡೇಟಾಬೇಸ್ ಇದೆ' ಎಂದು ಅದರಲ್ಲಿ ಬರೆದಿದೆ. ಲ್ಯಾಪ್‌ಟಾಪಿನಲ್ಲಿ ಆ ಜಾಗ ಎಂದರೆ ಪ್ರಾಜೆಕ್ಟ್ ಫೋಲ್ಡರು. ಇಎಕ್ಸ್‌ಇ ಆದ ಮೇಲೆ ಆ ಜಾಗ ಎಂದರೆ ತಾತ್ಕಾಲಿಕ ಫೋಲ್ಡರು. ಖಾಲಿ ಡೇಟಾಬೇಸನ್ನೂ ಗಂಟಿನಲ್ಲಿ ಸೇರಿಸಿ ಕಟ್ಟಿದ್ದರೆ ಪ್ರೋಗ್ರಾಮ್ ಸಲೀಸಾಗಿ ತೆರೆಯುತ್ತದೆ. ಬೆಳಗಿನಿಂದ ಬಂದ ಗಾಡಿಗಳ ತೂಕವೆಲ್ಲ ದಾಖಲಾಗುತ್ತದೆ, ಚೀಟಿ ಮುದ್ರಣವಾಗುತ್ತದೆ, ಮೊತ್ತವೂ ಸರಿಯಾಗಿ ಬರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತುತ್ತಾರೆ. ಬಿಚ್ಚಿದ ಗಂಟು ಅಳಿಯುತ್ತದೆ, ಅದರೊಳಗಿನ ಲೆಕ್ಕವೂ. ಮರುದಿನ ತೆರೆದರೆ ಖಾಲಿ ಪುಟ. ಒಂದೂ ದೋಷಸಂದೇಶ ಬಂದಿರುವುದಿಲ್ಲ. ರೈತರ ತೂಕದ ಲೆಕ್ಕ ಹೀಗೆ ಹೋದರೆ ಅದು ತಾಂತ್ರಿಕ ತೊಡಕು ಮಾತ್ರವಾಗಿ ಉಳಿಯುವುದಿಲ್ಲ. ಯಾರ ಮಾತನ್ನು ನಂಬಬೇಕು ಎಂಬ ಜಗಳವಾಗುತ್ತದೆ.

ಪರಿಹಾರ ಎರಡು ಪ್ರಶ್ನೆಗಳನ್ನು ಬೇರೆ ಮಾಡುವುದರಲ್ಲಿದೆ. ಓದುವುದಕ್ಕೆ ಮಾತ್ರ ಬೇಕಾದದ್ದು ಎಲ್ಲಿದೆ? ಚಿತ್ರ, ಫಾಂಟ್, ಹಳ್ಳಿಗಳ ಪಟ್ಟಿ ಗಂಟಿನೊಳಗೆ ಇರಲಿ, ಅವುಗಳ ಹಾದಿಯನ್ನು ಪೈಇನ್‌ಸ್ಟಾಲರ್ 'ಎಂಇಐಪಾಸ್' ಎಂಬ ಹೆಸರಿನಲ್ಲಿ ಹೇಳುತ್ತದೆ. ಬರೆದು ಉಳಿಸಬೇಕಾದದ್ದು ಎಲ್ಲಿಗೆ ಹೋಗಬೇಕು? ಡೇಟಾಬೇಸ್, ಲಾಗ್, ಸೆಟ್ಟಿಂಗುಗಳು ಬಳಕೆದಾರರ ಆಪ್‌ಡೇಟಾ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಹೋಗಬೇಕು. ಇಎಕ್ಸ್‌ಇ ಪಕ್ಕದಲ್ಲೇ ಬರೆಯುವುದೂ ನಡೆಯುತ್ತದೆ, ಆದರೆ ಯಾರಾದರೂ ಅದನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಇಟ್ಟರೆ ವಿಂಡೋಸ್ ಬರೆಯಲು ಬಿಡುವುದಿಲ್ಲ. 'ಈಗಿರುವ ಫೋಲ್ಡರು' ಎಂಬುದನ್ನು ನಂಬುವುದು ಇನ್ನೂ ಅಪಾಯ. ಟಾಸ್ಕ್ ಶೆಡ್ಯೂಲರ್ ಮೂಲಕ ಶುರುವಾದ ಪ್ರೋಗ್ರಾಮಿಗೆ, ಬೇರೆ ಜಾಗ ಹೇಳದಿದ್ದರೆ, ಈಗಿರುವ ಫೋಲ್ಡರೆಂದರೆ ಸಿಸ್ಟಮ್32. ಕಡತ ಎಲ್ಲಿ ಸಿಗದೆ ಹೋಯಿತು ಎಂಬುದು ತಲೆಗೆ ಹೊಳೆಯದಿದ್ದಾಗ ಮೈಕ್ರೋಸಾಫ್ಟಿನ ಉಚಿತ ಪ್ರೊಸೆಸ್ ಮಾನಿಟರ್ ತೆರೆದು, 'ನೇಮ್ ನಾಟ್ ಫೌಂಡ್' ಸಾಲುಗಳನ್ನಷ್ಟೇ ಸೋಸಿ ನೋಡಿದರೆ ಪ್ರೋಗ್ರಾಮ್ ಯಾವ ಯಾವ ಬಾಗಿಲು ತಟ್ಟಿತು ಎಂಬುದು ಒಂದೊಂದಾಗಿ ಕಾಣುತ್ತದೆ.

ಕನ್ನಡದ ಪಾಲಿಗೇ ಬಂದ ತೊಡಕಿನ ಕಥೆ ಇನ್ನು ಮುಂದಿನದು.

ಕಡತದಲ್ಲಿರುವುದು ಅಕ್ಷರವಲ್ಲ, ಬೈಟುಗಳು. ಯಾವ ಬೈಟಿಗೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕ ಬೇರೆ ಇರುತ್ತದೆ. ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಬರಹ ಮಾಸದೆ ಉಳಿದಿದ್ದರೂ ಲಿಪಿಯ ಕೀಲಿ ಬಲ್ಲವರು ಬರುವವರೆಗೆ ಊರವರಿಗೆ ಅದು ಗೀಚು. 1915ರಲ್ಲಿ ಬೆಳಕಿಗೆ ಬಂದು ಓದಿದ ಮೇಲೆ ದೇವಾನಾಂಪ್ರಿಯ ಎನ್ನುವವನು ಅಶೋಕನೇ ಎಂಬುದು ಗಟ್ಟಿಯಾಯಿತು. ಕಂಪ್ಯೂಟರಿನೊಳಗೂ ಹಾಗೆ. ಬೈಟು ಕೆಡದೆ ಇದ್ದರೂ ಕೋಷ್ಟಕ ತಪ್ಪಿದರೆ ಓದು ಕೆಡುತ್ತದೆ.

ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8 ಕಡತದಲ್ಲಿ ಮೂರು ಬೈಟು ಹಿಡಿಯುತ್ತದೆ. ಗಬ್ಬೂರು ಎಂಬ ಪದದಲ್ಲಿ ಏಳು ಸಂಕೇತಗಳು: ಗ, ಬ, ವಿರಾಮ, ಮತ್ತೆ ಬ, ದೀರ್ಘ ಕೊಂಬು, ರ, ಹ್ರಸ್ವ ಕೊಂಬು. ಒಟ್ಟು 21 ಬೈಟು. ಇದೇ ಪದವನ್ನು ವಿಂಡೋಸ್ ತನ್ನ ಹಳೆಯ ಕೋಷ್ಟಕ, ಸಿಪಿ1252, ಹಿಡಿದು ಓದಲು ಹೋದರೆ ಏನಾಗುತ್ತದೆ? ಆ ಕೋಷ್ಟಕ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ್ದು. ಇಂಗ್ಲಿಷ್-ಇಂಡಿಯಾ ಎಂದು ಹೊಂದಿಸಿದ ವಿಂಡೋಸಿನಲ್ಲಿ ಇರುವುದೂ ಅದೇ. ಕನ್ನಡಕ್ಕೆಂದು ವಿಂಡೋಸಿನಲ್ಲಿ ಇಂಥ ಹಳೆಯ ಕೋಷ್ಟಕವೇ ಇಲ್ಲ, ಕನ್ನಡ ಅಲ್ಲಿ ಯೂನಿಕೋಡಿನಲ್ಲಿ ಮಾತ್ರ ಉಂಟು. ಸಿಪಿ1252ರ 256 ಮನೆಗಳಲ್ಲಿ ಐದು ಖಾಲಿ. ಹದಿನಾರರ ಎಣಿಕೆಯಲ್ಲಿ ಅವು 81, 8ಡಿ, 8ಎಫ್, 90, 9ಡಿ. ಈಗ ಕನ್ನಡದ ಕಡೆ ನೋಡಿ: ಹ್ರಸ್ವ ಕೊಂಬಿನ ಕೊನೆಯ ಬೈಟು 81. ಒತ್ತಕ್ಷರ ಮಾಡುವ ವಿರಾಮದ ಕೊನೆಯ ಬೈಟು 8ಡಿ. ಏ ಅಕ್ಷರದ್ದು 8ಎಫ್, ಐ ಅಕ್ಷರದ್ದು 90, ಝ ಅಕ್ಷರದ್ದು 9ಡಿ. ಐದು ಖಾಲಿ ಮನೆಗಳಿಗೂ ನಮ್ಮ ಅಕ್ಷರಗಳೇ ಹೋಗಿ ಬಾಗಿಲು ತಟ್ಟುತ್ತವೆ.

ಹೀಗಾಗಿ ಹಳ್ಳಿಗಳ ಪಟ್ಟಿಯಲ್ಲಿ 'ಮಾನವಿ' ಎಂಬ ಪದವೊಂದೇ ಇದ್ದರೆ ಪ್ರೋಗ್ರಾಮ್ ಬೀಳುವುದಿಲ್ಲ. ಅದರಲ್ಲಿ ಕೊಂಬಿಲ್ಲ, ಒತ್ತಿಲ್ಲ. ತಲೆಗೆ ಗೀರಿರುವ ಎ ಅಕ್ಷರ, ಮೇಲೆತ್ತಿದ ಎರಡು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಎಂದು ಏನೇನೋ ಆಗಿ ತೋರುತ್ತದೆ, ಆದರೆ ಓಡುತ್ತದೆ. ಅದೇ ಊರನ್ನು 'ಮಾನ್ವಿ' ಎಂದು ಒತ್ತು ಕೊಟ್ಟು ಬರೆದರೆ ಬೀಳುತ್ತದೆ. ರಾಯಚೂರು, ದೇವದುರ್ಗ ಎರಡೂ ಬೀಳುತ್ತವೆ. ಗಬ್ಬೂರು ಪಟ್ಟಿಯ ಮೊದಲ ಪದವಾಗಿದ್ದರೆ ಪರದೆಯ ಮೇಲಿನ ದೂರು ಹೀಗಿರುತ್ತದೆ: ಚಾರ್‌ಮ್ಯಾಪ್ ಕೋಡೆಕ್‌ಗೆ 8ನೇ ಸ್ಥಾನದ 8ಡಿ ಬೈಟನ್ನು ಬಿಡಿಸಲು ಆಗುತ್ತಿಲ್ಲ. ಸೊನ್ನೆಯಿಂದ ಎಣಿಸಿದರೆ 8ನೇ ಸ್ಥಾನ ಎಂದರೆ ಒಂಬತ್ತನೆಯ ಬೈಟು, ಗ ಮತ್ತು ಬ ಆದ ಮೇಲಿನ ವಿರಾಮದ ಬಾಲ. ಬರೆಯಲು ಹೋದರೆ ಇನ್ನೂ ಸೀದಾ: ಸೊನ್ನೆಯಿಂದ ಆರರವರೆಗಿನ ಅಕ್ಷರಗಳನ್ನು ಬರೆಯಲಾಗದು, ಅಂದರೆ ಏಳಕ್ಕೆ ಏಳೂ. ಕೆಲವು ಊರು ಓಡುತ್ತವೆ, ಕೆಲವು ಓಡುವುದಿಲ್ಲ ಎಂದು ತಲೆಕೆಡಿಸಿಕೊಂಡವರಿಗೆ ಈ ಐದು ಬೈಟು ಗೊತ್ತಿದ್ದರೆ ರಾತ್ರಿಯ ನಿದ್ದೆ ಉಳಿಯುತ್ತದೆ.

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಹೇಗೆ? ಉಬುಂಟುವಿನಲ್ಲಿ ಬರೆದಿದ್ದರೆ ಅಲ್ಲಿ ತಾನಾಗಿಯೇ ಯುಟಿಎಫ್-8. ವಿಂಡೋಸಿನಲ್ಲೇ ಬರೆದಿದ್ದರೆ ಎಂದೋ ಒಮ್ಮೆ 'ಪೈಥಾನ್‌ಯುಟಿಎಫ್8' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಮರೆತಿರಬಹುದು. ಪೈಇನ್‌ಸ್ಟಾಲರ್ ಕಟ್ಟಿದ ಇಎಕ್ಸ್‌ಇ ಅಂಥ ವೇರಿಯಬಲ್‌ಗಳಿಗೆ ಕಿವಿಗೊಡುವುದಿಲ್ಲ. ಹಾಗಾಗಿ ಬರೆದವರ ಯಂತ್ರದಲ್ಲೇ ಸ್ಕ್ರಿಪ್ಟ್ ಓಡಿ ಇಎಕ್ಸ್‌ಇ ಬೀಳುವುದೂ ಉಂಟು. ವಿಂಡೋಸ್ ಸೆಟ್ಟಿಂಗಿನಲ್ಲಿ 'ಬೀಟಾ' ಹಣೆಪಟ್ಟಿಯ ಯುಟಿಎಫ್-8 ಚೌಕಕ್ಕೆ ಟಿಕ್ ಹಾಕಿಕೊಂಡವರೂ ಇರುತ್ತಾರೆ, ಅಂಗಡಿಯವರ ಕಂಪ್ಯೂಟರಿನಲ್ಲಿ ಆ ಟಿಕ್ ಇರುವುದಿಲ್ಲ. ಪರದೆಗೆ ಬರೆದಾಗ ಸರಿಯಾಗಿ ಬಂದ ಕನ್ನಡ, ಅದನ್ನೇ ಲಾಗ್ ಕಡತಕ್ಕೆ ತಿರುಗಿಸಿದಾಗ ಬೀಳುವುದೂ ಈ ಕಾರಣಕ್ಕೇ. ಪರದೆಗೆ ಪೈಥಾನ್ ಯೂನಿಕೋಡಿನಲ್ಲೇ ಬರೆಯುತ್ತದೆ, ಕಡತಕ್ಕೆ ತಿರುಗಿಸಿದರೆ ಹಳೆಯ ಕೋಷ್ಟಕಕ್ಕೆ ಇಳಿಯುತ್ತದೆ.

ಕಡತ ತೆರೆಯುವ ಪ್ರತಿ ಸಾಲಿನಲ್ಲೂ 'ಎನ್‌ಕೋಡಿಂಗ್ ಯುಟಿಎಫ್-8' ಎಂದು ಬರೆಯುವುದೇ ಸರಿಯಾದ ಮದ್ದು. ಎಕ್ಸೆಲ್‌ಗೆ ಹೋಗುವ ಸಿಎಸ್‌ವಿ ಆದರೆ 'ಯುಟಿಎಫ್-8-ಸಿಗ್', ಇಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ಗೀಚಾಗಿ ತೆರೆಯುತ್ತದೆ. ಪೈಥಾನ್ 3.15ರಿಂದ ಯುಟಿಎಫ್-8 ತಾನಾಗಿಯೇ ಬರಬೇಕೆಂದು ತೀರ್ಮಾನವಾಗಿದೆ, ಆದರೆ ಹಳೆಯ ಆವೃತ್ತಿಯಲ್ಲಿ ಕಟ್ಟಿದವು ಇನ್ನೂ ಎಷ್ಟೋ ವರ್ಷ ಓಡುತ್ತಿರುತ್ತವೆ. ಕೆಲವರು 'ಎರರ್ಸ್ ಇಗ್ನೋರ್' ಎಂದು ಹಾಕಿ ದೂರಿನ ಬಾಯಿ ಮುಚ್ಚಿಸುತ್ತಾರೆ. ಅದು ಮಾಡಬಾರದ ಕೆಲಸ. ಖಾಲಿ ಮನೆಗೆ ಹೋದ ಬೈಟುಗಳನ್ನು ಅದು ಎಸೆದುಬಿಡುತ್ತದೆ, ಅಂದರೆ ಒತ್ತು ಮತ್ತು ಕೊಂಬುಗಳ ಗುರುತೇ ಹೋಗುತ್ತದೆ. ಆಮೇಲೆ ಯಾರೂ ಆ ಹೆಸರನ್ನು ಮರಳಿ ಪಡೆಯಲಾರರು. ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಎಂದು ಉಳಿಸಿದಾಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುವುದೂ ಅಂಥದ್ದೇ ನಷ್ಟ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಕೆಲಸ ಮಾಡಿದವರಿಗೆ ಈ ಕಾಟ ಇರಲಿಲ್ಲ. ಅಲ್ಲಿ ಕನ್ನಡದ ತುಂಡುಗಳು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲೇ ಕೂತಿದ್ದವು, ಹಳೆಯ ಕೋಷ್ಟಕ ಅವನ್ನು ಅಡ್ಡಿಯಿಲ್ಲದೆ ಬರೆಯುತ್ತಿತ್ತು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಾಗಿ ಕಾಣುತ್ತಿರಲಿಲ್ಲ.

ಫಾಂಟಿನ ಗೋಳು ಯೂನಿಕೋಡಿನಲ್ಲೂ ಪೂರ್ತಿ ತೀರಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕನ್ನಡಕ್ಕೆ ತುಂಗಾ ಎಂಬ ಫಾಂಟ್ ಬರುತ್ತಿತ್ತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕೆಂದರೆ ಬೇರೆಯಾಗಿ ಸೇರಿಸಿಕೊಳ್ಳಬೇಕಾದ ಐಚ್ಛಿಕ ಕಂತೆಗೆ ಹೋಯಿತು. ವಿಂಡೋಸ್ 7ರಲ್ಲಿ ತುಂಗಾ ಇದೆ, ನಿರ್ಮಲಾ ಇಲ್ಲ. 10ರಲ್ಲಿ ನಿರ್ಮಲಾ ಇದೆ, ತುಂಗಾ ಇಲ್ಲದಿರಬಹುದು. ಫಾಂಟಿನ ಹೆಸರು ಬರೆದು ಕಳಿಸಿದ ಸ್ಕ್ರಿಪ್ಟ್ ಇವುಗಳಲ್ಲಿ ಒಂದು ಕಡೆ ಕೈಕೊಡಬಹುದು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಮುಕ್ತ ಪರವಾನಗಿಯ ಫಾಂಟನ್ನು ಗಂಟಿನೊಳಗೇ ಸೇರಿಸಿ ಕಳಿಸುವುದು ಲೇಸು.

ಫಾಂಟ್ ಇದ್ದೂ ಚೀಟಿಯ ಮೇಲೆ ಗಬ್ಬೂರು ಒಡೆದು ಬರಬಹುದು: ಎರಡನೆಯ ಬಕಾರ ಒತ್ತಾಗಿ ಕೆಳಗಿಳಿಯದೆ ಮೊದಲನೆಯದರ ಪಕ್ಕದಲ್ಲೇ ನಿಂತು, ನಡುವೆ ವಿರಾಮ ಬಾಲದಂತೆ ಜೋತಾಡುತ್ತಿರುತ್ತದೆ. ಚಿತ್ರದ ಮೇಲೆ ಅಕ್ಷರ ಬರೆಯುವ ಪಿಲ್ಲೋ ಲೈಬ್ರರಿಗೆ ಒತ್ತಕ್ಷರ ಕೂಡಿಸಲು ರಾಕ್ಮ್ ಎಂಬ ಸಹಾಯಕ ಬೇಕು, ರಾಕ್ಮ್‌ಗೆ ಫ್ರಿಬಿಡಿ ಎಂಬ ಇನ್ನೊಂದು. ಫ್ರಿಬಿಡಿಯನ್ನು ಅದು ಓಡುವಾಗ ಹುಡುಕಿಕೊಳ್ಳುತ್ತದೆ. ವಿಂಡೋಸಿನಲ್ಲಿ ಆ ಡಿಎಲ್‌ಎಲ್ ಅನ್ನು ನಾವೇ ಇಟ್ಟಿರಬೇಕು. ಬರೆದವರು ಎಂದೋ ಇಟ್ಟಿರುತ್ತಾರೆ. ಓದಿ ಕಟ್ಟುವ ಪೈಇನ್‌ಸ್ಟಾಲರ್ ಕಣ್ಣಿಗೆ ಅದು ಬೀಳುವುದಿಲ್ಲ. ಅಂಗಡಿಯಲ್ಲಿ ಸಿಗದೆ ಹೋದಾಗ ಪಿಲ್ಲೋ ದೂರು ಹೇಳದೆ ಸಾದಾ ಜೋಡಣೆಗೆ ಇಳಿಯುತ್ತದೆ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಪ್ರೋಗ್ರಾಮ್ ಶುರುವಾಗುವಾಗಲೇ ರಾಕ್ಮ್ ಇದೆಯೇ ಎಂದು ಪಿಲ್ಲೋವನ್ನು ಕೇಳಿ ಲಾಗಿನಲ್ಲಿ ಬರೆಸಿದರೆ ಒಡೆದ ಚೀಟಿ ರೈತರ ಕೈಗೆ ಹೋಗುವುದು ತಪ್ಪುತ್ತದೆ. ಓಪನ್‌ಸಿವಿ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ವಿಂಡೋಸಿನಲ್ಲಿ ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಅದರ ಚಿತ್ರ ಓದುವ ಫಂಕ್ಷನ್ ಬರಿಗೈಯಲ್ಲಿ ಹಿಂತಿರುಗುತ್ತದೆ. ಮುದ್ರಿತ ಕನ್ನಡ ಓದುವ ಟೆಸೆರಾಕ್ಟ್ ಬಳಸಿದ್ದರೆ ಅದು ಬೇರೆಯೇ ಇಎಕ್ಸ್‌ಇ, ಅದರ ಕನ್ನಡ ತರಬೇತಿ ಕಡತವೂ ಬೇರೆ. ಎರಡೂ ಗಂಟಿನಲ್ಲಿ ತಾವಾಗಿ ಬರುವುದಿಲ್ಲ.

ಯಂತ್ರದ ವಯಸ್ಸಿನ ಮಾತನ್ನೂ ಹೇಳಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ಕೆಟ್ಟಿಲ್ಲದ ಕಂಪ್ಯೂಟರನ್ನು ಸಣ್ಣ ಅಂಗಡಿಯವರು ಅದಕ್ಕಾಗಿ ಬಿಸಾಡಬೇಕು ಎನ್ನುವುದು ನ್ಯಾಯವಲ್ಲ. ಪೈಥಾನ್ 3.9ರಿಂದ ಮುಂದಿನ ಯಾವುದೂ ವಿಂಡೋಸ್ 7ರಲ್ಲಿ ಓಡುವುದಿಲ್ಲ. 'ಎಪಿಐ-ಎಂಎಸ್-ವಿನ್-ಕೋರ್-ಪಾತ್' ಎಂದು ಶುರುವಾಗುವ ಡಿಎಲ್‌ಎಲ್ ಇಲ್ಲ ಎಂಬ ಸಂದೇಶ ಬಂದರೆ ಕಾರಣ ಬಹುಮಟ್ಟಿಗೆ ಇದೇ. ಸಿಕ್ಕಸಿಕ್ಕ ತಾಣದಿಂದ ಆ ಡಿಎಲ್‌ಎಲ್ ಇಳಿಸಿಕೊಂಡು ಹಾಕುವುದು ಕಳ್ಳನಿಗೆ ಕೀಲಿ ಕೊಟ್ಟಂತೆ, ಪೈಥಾನ್ 3.8ರಲ್ಲಿ ಮತ್ತೆ ಕಟ್ಟಬೇಕು. 32 ಬಿಟ್ ವಿಂಡೋಸಿನಲ್ಲಿ 64 ಬಿಟ್ ಇಎಕ್ಸ್‌ಇ ತೆರೆಯುವುದೇ ಇಲ್ಲ. 32 ಬಿಟ್ ಪೈಥಾನಿನಲ್ಲಿ ಕಟ್ಟಿದರೆ ಎರಡರಲ್ಲೂ ಓಡುತ್ತದೆ. ಲಿನಕ್ಸಿನಲ್ಲಿ ಕೂತು ವಿಂಡೋಸಿಗೆ ಕಟ್ಟಲು ಪೈಇನ್‌ಸ್ಟಾಲರಿಗೆ ಬರುವುದಿಲ್ಲ. ಲಿನಕ್ಸಿನಿಂದ ಲಿನಕ್ಸಿಗೆ ಕಳಿಸುವುದಾದರೂ ಇರುವುದರಲ್ಲಿ ಹಳೆಯ ವ್ಯವಸ್ಥೆಯ ಮೇಲೆ ಕಟ್ಟಬೇಕು, ಹೊಸ ಜಿ-ಲಿಬ್‌ಸಿ ಲೈಬ್ರರಿಯ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡದು. ತಕ್ಕಡಿಯ ಯುಎಸ್‌ಬಿ-ಸೀರಿಯಲ್ ಕೇಬಲ್ಲಿಗೆ ಬೇಕಾದ ಡ್ರೈವರ್ ಕೂಡ ಯಾವ ಗಂಟಿನಲ್ಲೂ ಬರುವುದಿಲ್ಲ. ಬರೆದವರ ಯಂತ್ರದಲ್ಲಿ ಕಾಮ್3 ಆಗಿದ್ದ ಪೋರ್ಟು ಅಂಗಡಿಯಲ್ಲಿ ಕಾಮ್5 ಆಗಿರಬಹುದು.

ಕೆಲವೊಮ್ಮೆ ಇಎಕ್ಸ್‌ಇ ಬೀಳುವುದಿಲ್ಲ, ಮಾಯವಾಗುತ್ತದೆ. ಆಂಟಿವೈರಸ್ ಅದನ್ನು ಎತ್ತಿ ಬಂದಿಯಲ್ಲಿಟ್ಟಿರುತ್ತದೆ. ಪೈಇನ್‌ಸ್ಟಾಲರಿನ ಮುಂಭಾಗದ ಪುಟ್ಟ ಪ್ರೋಗ್ರಾಮು ಎಲ್ಲರ ಇಎಕ್ಸ್‌ಇಯಲ್ಲೂ ಒಂದೇ. ಕೇಡಿಗಳೂ ಅದನ್ನೇ ಬಳಸುವುದರಿಂದ ಒಳ್ಳೆಯವರ ಮೇಲೂ ಗುಮಾನಿ. ತಾತ್ಕಾಲಿಕ ಜಾಗದಲ್ಲಿ ಬಿಚ್ಚಿಕೊಂಡು ಓಡುವ ಒನ್‌ಫೈಲ್ ನಡವಳಿಕೆ, ಯುಪಿಎಕ್ಸ್ ಹಾಕಿ ಕುಗ್ಗಿಸುವುದು ಆ ಗುಮಾನಿಯನ್ನು ಹೆಚ್ಚಿಸುತ್ತವೆ. ಫೋಲ್ಡರ್ ಬಗೆಯಲ್ಲಿ ಕಟ್ಟಿ, ಯುಪಿಎಕ್ಸ್ ಬಿಟ್ಟು, ಸಾಧ್ಯವಾದರೆ ಆ ಪುಟ್ಟ ಪ್ರೋಗ್ರಾಮನ್ನು ತಾವೇ ಕಂಪೈಲ್ ಮಾಡಿಕೊಂಡರೆ ಕಡಿಮೆಯಾಗುತ್ತದೆ. ಆಂಟಿವೈರಸ್ ಆಫ್ ಮಾಡಿ ಎಂದು ಅಂಗಡಿಯವರಿಗೆ ಹೇಳುವುದು ಮಾತ್ರ ಬೇಡ. ಅದೇ ಕಂಪ್ಯೂಟರಿನಲ್ಲಿ ಅವರ ಬ್ಯಾಂಕಿನ ವ್ಯವಹಾರವೂ ನಡೆಯುತ್ತಿರುತ್ತದೆ.

ಈ ಕಷ್ಟ ಪೈಥಾನಿನದೊಂದೇ ಅಲ್ಲ. ಪವರ್‌ಶೆಲ್ ಸ್ಕ್ರಿಪ್ಟನ್ನು ಪಿಎಸ್2ಇಎಕ್ಸ್‌ಇ ಮೂಲಕ ಕಟ್ಟಿದರೆ 'ಸ್ಕ್ರಿಪ್ಟ್ ಇರುವ ಜಾಗ' ಎಂಬ ವೇರಿಯಬಲ್ ಖಾಲಿಯಾಗಿರುತ್ತದೆ. ಪರ್ಲ್‌ನ ಪಾರ್ ಪ್ಯಾಕರ್ ಕೂಡ ತಾತ್ಕಾಲಿಕ ಜಾಗದಲ್ಲೇ ಬಿಚ್ಚಿಕೊಳ್ಳುತ್ತದೆ. ಗೋ ಭಾಷೆಯವರು 2021ರ 1.16 ಆವೃತ್ತಿಯಲ್ಲಿ ಕಡತಗಳನ್ನು ಪ್ರೋಗ್ರಾಮಿನೊಳಗೇ ಅಡಕಗೊಳಿಸುವ ಏರ್ಪಾಟನ್ನು ಭಾಷೆಯ ಜೊತೆಗೇ ಕೊಟ್ಟರು, ಅಲ್ಲಿ ನೋವು ಕಡಿಮೆ.

ಹತ್ತಿ ಅಂಗಡಿಯಂಥ ಜಾಗಕ್ಕೆ ಒನ್‌ಫೈಲ್ ಮೋಹ ಬಿಡುವುದೇ ಒಳ್ಳೆಯದು. ಫೋಲ್ಡರಾಗಿ ಕಟ್ಟಿ, ಇನ್ನೋ ಸೆಟಪ್ ಎಂಬ ಸಾಧನದಿಂದ ಒಂದು ಇನ್‌ಸ್ಟಾಲರ್ ಮಾಡಿದರೆ ಪೆನ್‌ಡ್ರೈವಿನಲ್ಲಿ ಒಯ್ಯುವುದೂ ಒಂದೇ ಫೈಲು, ತೆರೆಯುವುದೂ ಬೇಗ, ಏನು ಬಿಟ್ಟುಹೋಗಿದೆ ಎಂದು ಫೋಲ್ಡರ್ ತೆರೆದು ಕಣ್ಣಾರೆ ನೋಡಬಹುದು. ಕಳಿಸುವ ಮೊದಲು ಪೈಥಾನ್ ಇಲ್ಲದ ಒಂದು ಯಂತ್ರದಲ್ಲಿ ಓಡಿಸಬೇಕು. ವಿಂಡೋಸ್ ಪ್ರೊ ಇದ್ದವರಿಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಪ್ರತಿ ಸಲವೂ ಹೊಚ್ಚಹೊಸ ಯಂತ್ರ ಕೊಡುತ್ತದೆ. ಇಲ್ಲದವರು ಗೆಳತಿಯ ಲ್ಯಾಪ್‌ಟಾಪ್ ಕೇಳಬಹುದು.

ಆ ಯಂತ್ರದಲ್ಲಿ ಕನ್ನಡದ ಹೆಸರಿನ, ನಡುವೆ ಖಾಲಿ ಜಾಗವಿರುವ ಒಂದು ಫೋಲ್ಡರ್ ಮಾಡಿ ಅಲ್ಲಿಂದ ಓಡಿಸಬೇಕು. 'ಗಬ್ಬೂರು ಹತ್ತಿ' ಎಂದೇ ಇರಲಿ. ಹಳ್ಳಿಗಳ ಪಟ್ಟಿಯ ಜೊತೆ ಐದು, ಏತ, ಝರಿ, ಮಾನ್ವಿ, ದೇವದುರ್ಗ ಎಂಬ ಐದು ಪದಗಳನ್ನು ಸೇರಿಸಿ ಓದಿಸಬೇಕು, ಬರೆಸಬೇಕು, ಒಂದು ಚೀಟಿ ಮುದ್ರಿಸಬೇಕು. ಆಮೇಲೆ ಪ್ರೋಗ್ರಾಮ್ ಮುಚ್ಚಿ, ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಮೊದಲು ಹಾಕಿದ ತೂಕ ಇನ್ನೂ ಇದೆಯೇ ಎಂದು ನೋಡಬೇಕು. ಈ ಕೊನೆಯ ಹೆಜ್ಜೆ ಸ್ಯಾಂಡ್‌ಬಾಕ್ಸಿನಲ್ಲಿ ಆಗುವುದಿಲ್ಲ, ಮುಚ್ಚಿದ ಕೂಡಲೇ ಅದು ಎಲ್ಲವನ್ನೂ ಮರೆಯುತ್ತದೆ. ಅದಕ್ಕೆ ಗೆಳತಿಯ ಲ್ಯಾಪ್‌ಟಾಪೇ ಆಗಬೇಕು.